ಪಟ್ಟಿಯಲ್ಲಿ ಒಂದು ರೂಪಾಯಿ ಕಡಿಮೆ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಬರೋಕೆ ಶುರುವಾದರೆ ನಮ್ಮ ಆಫೀಸಿನ ಫೋನಿಗೆ ಬಿಡುವಿಲ್ಲ. ದಲಾಲಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ನಾಲ್ಕು ಜನರ ಆಫೀಸು ನಮ್ಮದು. ಎಲ್ಲಾ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಟೆಸ್ಟಿಂಗ್ ಅಂದರೆ ನಮ್ಮಲ್ಲಿ ಇಷ್ಟೇ ಇತ್ತು: ಎರಡು ಬಿಲ್ ಹೊಡೆದು ನೋಡೋದು, ಸರಿ ಕಂಡರೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮಂಡಿಗೆ ಹೊರಡೋದು.

ಒಂದು ನವೆಂಬರ್‌ನಲ್ಲಿ ಮಂಡಿಯ ಗುಮಾಸ್ತರೊಬ್ಬರು ಫೋನ್ ಮಾಡಿದರು. "ತಮ್ಮಾ, ನಿಮ್ಮ ಕಂಪ್ಯೂಟರ್ ಒಂದೊಂದು ಪಟ್ಟಿಗೆ ಒಂದು ರೂಪಾಯಿ ಕಡಿಮೆ ತೋರಿಸ್ತೈತೆ ನೋಡು." ಪಟ್ಟಿ ಅಂದರೆ ರೈತನಿಗೆ ಕೊಡೋ ಬಿಲ್. ಒಂದು ರೂಪಾಯಿ ತಾನೇ ಅಂದುಬಿಟ್ಟೆ. ಅವರಿಗೆ ಸಿಟ್ಟು ಬಂತು. "ರೈತ ಲೆಕ್ಕ ಹಾಕ್ಕೊಂಡೇ ಬಂದಿರ್ತಾನೆ. ಒಂದು ರೂಪಾಯಿ ತಪ್ಪಿದ್ರೆ ತೂಕದಾಗೂ ತಪ್ಪೈತೆ ಅಂತಾನೆ." ನಾನು ಬಾಯಿ ಮುಚ್ಚಿಕೊಂಡೆ.

ಆಫೀಸಿನಲ್ಲಿ ಕೂತು ಬಿಲ್ ಹೊಡೆದರೆ ಎಲ್ಲಾ ಸರಿ ಬರುತ್ತಿತ್ತು. ಬರದೇ ಇರುತ್ತಾ? ನಾನು ಹಾಕುತ್ತಿದ್ದದ್ದು ಯಾವಾಗಲೂ 10 ಕ್ವಿಂಟಲ್, 2,000 ರೂಪಾಯಿ ದರ, ಪೈಸೆಯೇ ಬರದ ಲೆಕ್ಕ. ಆಗಲೇ ಯೂನಿಟ್ ಟೆಸ್ಟ್, ಅಂದರೆ ಕೋಡಿನ ಒಂದೊಂದು ತುಂಡನ್ನೂ ತಾನಾಗಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ, ಬರೆಯೋಣ ಅಂತ ಕೂತದ್ದು.

ಕೋಡ್ ಬರೆಯೋ ಎಡಿಟರ್ ವಿಎಸ್ ಕೋಡ್‌ನಲ್ಲಿ ಅದಕ್ಕೆ ಬೇಕಾದ್ದೆಲ್ಲಾ ಇದೆ. ಪೈಥಾನ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಎಡಗಡೆ ಲ್ಯಾಬ್‌ನ ಗಾಜಿನ ಪಾತ್ರೆಯಂಥ ಒಂದು ಚಿತ್ರ ಕಾಣುತ್ತದೆ. ಅದನ್ನು ಒತ್ತಿ, ಟೆಸ್ಟ್ ಓಡಿಸೋ ಸಾಧನವಾದ ಪೈಟೆಸ್ಟ್ ಆರಿಸಿ, ಟೆಸ್ಟ್‌ಗಳಿರುವ ಫೋಲ್ಡರ್ ತೋರಿಸಿದರೆ ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ. ಫೈಲಿನ ಹೆಸರು 'ಟೆಸ್ಟ್' ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು, ಇಲ್ಲವೇ ಅಂಡರ್‌ಸ್ಕೋರ್ ಮತ್ತು 'ಟೆಸ್ಟ್' ಅಂತ ಮುಗಿಯಬೇಕು; ಒಳಗಿನ ಫಂಕ್ಷನ್ ಹೆಸರೂ 'ಟೆಸ್ಟ್' ಅಂತಲೇ ಶುರುವಾಗಬೇಕು. ನಾನು 'ಚೆಕ್ ಬಿಲ್' ಅಂತ ಹೆಸರಿಟ್ಟು, ಟೆಸ್ಟ್ ಯಾಕೆ ಕಾಣ್ತಿಲ್ಲ ಅಂತ ಅರ್ಧ ದಿನ ಹುಡುಕಿದೆ. ಇನ್ನರ್ಧ ದಿನ ಹೋದದ್ದು, ಕಂಪ್ಯೂಟರ್‌ನಲ್ಲಿದ್ದ ಪೈಥಾನ್‌ಗಳಲ್ಲಿ ಒಂದಕ್ಕೆ ಪೈಟೆಸ್ಟ್ ಹಾಕಿ, ಎಡಿಟರ್‌ನಲ್ಲಿ ಇನ್ನೊಂದನ್ನು ಆರಿಸಿಕೊಂಡಿದ್ದಕ್ಕೆ. ಎಡಿಟರ್ ಪರದೆಯ ಕೆಳ ಅಂಚಿನಲ್ಲಿ ಯಾವ ಪೈಥಾನ್ ಅಂತ ಬರೆದೇ ಇರುತ್ತದೆ. ನೋಡಬೇಕಲ್ವಾ!

ಕೊನೆಗೂ ಟೆಸ್ಟ್ ಓಡಿತು. ಓಡಿದ ಕೂಡಲೇ ಮೂಲೆಯಲ್ಲಿದ್ದ ಪ್ರಿಂಟರ್ ಕರಕರ ಅಂತ ಒಂದು ಪಟ್ಟಿ ಹೊರಗೆ ಹಾಕಿತು. ಆಫೀಸಿನವರೆಲ್ಲ ನಕ್ಕರು. ನಮ್ಮ ಕೋಡ್ ಇದ್ದದ್ದೇ ಹಾಗೆ. ಪರದೆಯಿಂದ ತೂಕ ಓದೋದು, ದರ ಹಾಕಿ ಗುಣಿಸೋದು, ಡೇಟಾಬೇಸ್‌ಗೆ ಬರೆಯೋದು, ಪ್ರಿಂಟ್ ಕೊಡೋದು ಎಲ್ಲಾ ಒಂದೇ ಫಂಕ್ಷನ್ನಿನೊಳಗೆ, ಅಂದರೆ ಕೋಡಿನ ಒಂದೇ ತುಂಡಿನೊಳಗೆ, ಗಂಟು ಬಿದ್ದಿತ್ತು. ಗುಣಾಕಾರವೊಂದನ್ನೇ ಪರೀಕ್ಷೆ ಮಾಡೋಕೆ ದಾರಿಯೇ ಇರಲಿಲ್ಲ. ಲೆಕ್ಕದ ಭಾಗವನ್ನು ಕಿತ್ತು ಬೇರೆ ಫಂಕ್ಷನ್ ಮಾಡಿದೆ: ತೂಕ ಮತ್ತು ದರ ಕೊಟ್ಟರೆ ಮೊತ್ತ ವಾಪಸ್ ಕೊಡಬೇಕು, ಬೇರೇನೂ ಮಾಡಬಾರದು. ಟೆಸ್ಟ್ ಬರೆಯೋದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಈ ಗಂಟು ಬಿಡಿಸೋದೇ.

ಆಮೇಲೆ ಮಾಡಿದ ತಪ್ಪು ಹೇಳೋಕೆ ನಾಚಿಕೆ. ಮಂಡಿಯ ನಾಲ್ಕು ಪಟ್ಟಿ ತೆಗೆದುಕೊಂಡು, ತೂಕ ಮತ್ತು ದರ ಕೊಟ್ಟು ಫಂಕ್ಷನ್ ಓಡಿಸಿದೆ. ಬಂದ ಉತ್ತರವನ್ನೇ ನಕಲು ಮಾಡಿ 'ಇಷ್ಟು ಬರಬೇಕು' ಅಂತ ಟೆಸ್ಟಿನಲ್ಲಿ ಬರೆದೆ. ನಾಲ್ಕೂ ಹಸಿರು, ಅಂದರೆ ಪಾಸು! ಖುಷಿಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಗುಮಾಸ್ತರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನೋಡಿದರು. "ಈ ಉತ್ತರ ಬರೆದೋರು ಯಾರು?" "ಕಂಪ್ಯೂಟರೇ." "ಕಳ್ಳನ್ನ ಕರೆದು ನೀನು ಕದ್ದೆಯಾ ಅಂತ ಕೇಳಿದಂಗಾತಲ್ಲೋ ತಮ್ಮಾ!"

ಹಾಗಂದು ಕಪಾಟಿನಿಂದ ಒಂದು ಕಟ್ಟು ತೆಗೆದರು. ಕಂಪ್ಯೂಟರ್ ಬರೋಕೆ ಮುಂಚೆ ಅವರೇ ಕೈಯಲ್ಲಿ ಬರೆದ ಪಟ್ಟಿಗಳು. ಆ ಲೆಕ್ಕಗಳನ್ನೇ ಟೆಸ್ಟಿಗೆ ಹಾಕಿದೆ. ತಗಾದೆ ಬಂದಿದ್ದ ಪಟ್ಟಿಗಳನ್ನೂ ಅವರಿಂದಲೇ ಕೈಯಲ್ಲಿ ಲೆಕ್ಕ ಹಾಕಿಸಿ ಸೇರಿಸಿದೆ. ಪೈಟೆಸ್ಟ್‌ನಲ್ಲಿ ಪ್ಯಾರಾಮೆಟ್ರೈಸ್ ಅಂತ ಒಂದು ಸೌಲಭ್ಯ ಇದೆ. ಟೆಸ್ಟ್ ಒಂದೇ, ಲೆಕ್ಕಗಳನ್ನು ಸಾಲಾಗಿ ಕೊಡುತ್ತಾ ಹೋಗಬಹುದು. ಓಡಿಸಿದರೆ ಅಲ್ಲೊಂದು ಇಲ್ಲೊಂದು ಕೆಂಪು.

31.25 ಕ್ವಿಂಟಲ್, ದರ 2,150. ಮೊತ್ತ 67,187.50. ಪ್ರೋಗ್ರಾಂ 67,188 ಅಂದಿತು, ಸರಿ. 30.75 ಕ್ವಿಂಟಲ್, ಅದೇ ದರ. ಮೊತ್ತ 66,112.50. ಗುಮಾಸ್ತರ ಪಟ್ಟಿಯಲ್ಲಿ 66,113, ಪ್ರೋಗ್ರಾಂನಲ್ಲಿ 66,112. ಸಿಕ್ಕಿಬಿತ್ತು. ಪೈಸೆಯನ್ನು ಪೂರ್ತಿ ರೂಪಾಯಿಗೆ ತರೋಕೆ ನಾವು ಬಳಸಿದ್ದ ಪೈಥಾನ್ 3ರ ರೌಂಡ್ ಫಂಕ್ಷನ್, ಸರಿಯಾಗಿ ಅರ್ಧಕ್ಕೆ ನಿಂತ ಸಂಖ್ಯೆಯನ್ನು ಹತ್ತಿರದ ಸರಿಸಂಖ್ಯೆಗೆ ಒಯ್ಯುತ್ತದೆ. 2.5 ಕೊಟ್ಟರೆ 2, 3.5 ಕೊಟ್ಟರೆ 4. ದೋಷ ಅಲ್ಲ ಅದು, ಬೇಕಂತಲೇ ಹಾಗೆ ಮಾಡಿದ್ದು. ಯಾವಾಗಲೂ ಮೇಲಕ್ಕೇ ಏರಿಸಿದರೆ ದೊಡ್ಡ ಲೆಕ್ಕದಲ್ಲಿ ಒಟ್ಟು ಮೊತ್ತ ಉಬ್ಬುತ್ತಾ ಹೋಗುತ್ತದೆ. ಆದರೆ ಮಂಡಿಯಲ್ಲಿ ಐವತ್ತು ಪೈಸೆ ಅಂದರೆ ಮೇಲಿನ ರೂಪಾಯಿ, ಅಷ್ಟೇ.

ದುಡ್ಡಿನ ಲೆಕ್ಕಕ್ಕೆ ಪೈಥಾನ್‌ನಲ್ಲೇ ಇರುವ ಡೆಸಿಮಲ್ ಅನ್ನೋ ಸಂಖ್ಯೆಯ ಬಗೆ ಒಳ್ಳೆಯದು ಅಂತ ಓದಿದ್ದೆ, ಬದಲಾಯಿಸಿದೆ. ಮತ್ತೆ ಅದೇ ಸಾಲು ಕೆಂಪು! ಡೆಸಿಮಲ್ ಕೂಡ ತಾನಾಗಿ ಬಿಟ್ಟರೆ ಅದೇ ಪದ್ಧತಿಯಲ್ಲಿ ನಡೆಯುತ್ತದೆ. ಅರ್ಧವನ್ನು ಮೇಲಕ್ಕೆ ಒಯ್ಯಿ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದೆ. ಟೆಸ್ಟ್ ಇಲ್ಲದಿದ್ದರೆ ಡೆಸಿಮಲ್ ಹಾಕಿದ ಸಂಭ್ರಮದಲ್ಲೇ ಪೆನ್‌ಡ್ರೈವ್ ಹಿಡಿದು ಹೊರಟಿರುತ್ತಿದ್ದೆ.

ಈಗಲೂ ನಾವು ಎಲ್ಲದಕ್ಕೂ ಟೆಸ್ಟ್ ಬರೆಯೋದಿಲ್ಲ. ಬಟನ್ ಬಣ್ಣಕ್ಕೆಲ್ಲ ಯಾರು ಬರೀತಾರೆ? ದುಡ್ಡು ಮುಟ್ಟುವ ಕಡೆ ಮಾತ್ರ ಬರೆಯುತ್ತೇವೆ.

ಎಲ್ಲಾ ಸರಿಹೋದ ಮೇಲೂ ಒಂದು ಸಾಲು ಕೆಂಪಾಗಿಯೇ ಉಳಿಯಿತು. ಹತ್ತು ರೂಪಾಯಿ ವ್ಯತ್ಯಾಸ. ಎರಡು ದಿನ ಕೋಡ್ ಜಾಲಾಡಿದೆ, ಕ್ಯಾಲ್ಕುಲೇಟರ್ ಒತ್ತಿದೆ. ಕೊನೆಗೆ ಆ ಹಳೇ ಪಟ್ಟಿ ಹಿಡಿದು ಗುಮಾಸ್ತರ ಎದುರು ಕೂತೆ. ಅವರು ಬೆರಳು ಮಡಚುತ್ತಾ ಇನ್ನೊಮ್ಮೆ ಗುಣಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಪಟ್ಟಿ ಮಡಿಸಿ ತಮ್ಮ ಜೇಬಿಗೆ ಇಟ್ಟುಕೊಂಡು, "ಮಂಡಕ್ಕಿ ಮಿರ್ಚಿ ತಿಂತೀಯೇನು?" ಅಂದರು.