ಸ್ಪ್ರಿಂಗ್ ಬದಲಿಸಿ ಕಳಿಸಿದ ರೈಫಲ್ ಬೆಂಚಿಗೆ ಮರಳಿದಾಗ

ಜಾಬ್ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: ಮಿಸ್‌ಫೈರ್, ಹತ್ತಕ್ಕೆ ಎರಡು ಮೂರು. ಮೌಸರ್ 98 ಆಕ್ಷನ್ನಿನ, .308 ಚೇಂಬರಿನ (ತೋಟಾ ಕೂರುವ ಕೋಣೆಯ) ರೈಫಲ್. ಎಷ್ಟೋ ಕೈ ದಾಟಿ ಬಂದದ್ದು. ಹಾರದೆ ಉಳಿದ ತೋಟಾಗಳನ್ನೂ ಜೊತೆಗೆ ಕೊಟ್ಟಿದ್ದರು. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಮೇಲೆ ಪಿನ್ನಿನ ಗುರುತು ತೀರಾ ತೆಳು. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಬಿಚ್ಚಿದರೆ ಒಳಗೆ ಅಂಟಿನಂತೆ ಗಟ್ಟಿಯಾದ ಹಳೇ ಗ್ರೀಸು. ಏಟಿಗೆ ಬಲವಿಲ್ಲ, ಸ್ಪ್ರಿಂಗ್ ಸೋತಿದೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ತೊಳೆದು, ಬಿಗಿಯಾದ ಹೊಸ ಸ್ಪ್ರಿಂಗ್ ಹಾಕಿ, ಐದು ಗುಂಡು ಹೊಡೆದು ನೋಡಿದೆ. ಐದೂ ಹಾರಿದವು. ಖಾಲಿ ಕೇಸುಗಳನ್ನು ನೋಡದೆ ಡಬ್ಬಿಗೆ ಹಾಕಿ ಕಾರ್ಡಿಗೆ ಸಹಿ ಮಾಡಿದೆ.

ಕೆಲವು ವಾರಕ್ಕೆ ಅದೇ ರೈಫಲ್ ವಾಪಸ್ ಬಂತು. ಈ ಸಲ ಮಿಸ್‌ಫೈರ್ ಅಲ್ಲ. ಮತ್ತೆ ಮತ್ತೆ ತುಂಬಿಸಿಕೊಂಡು ಹೊಡೆಯುತ್ತಿದ್ದ ಕೇಸುಗಳಲ್ಲೊಂದು ಬುಡದ ಹತ್ತಿರ ಎರಡು ತುಂಡಾಗಿತ್ತು. ಬುಡ ಬೋಲ್ಟಿನ ಜೊತೆ ಹೊರಗೆ ಬಂದಿದೆ, ಉಳಿದ ಕೊಳವೆ ಚೇಂಬರಿನಲ್ಲೇ ಕಚ್ಚಿ ಕೂತಿದೆ. ಹೊಡೆದವರ ಮುಖಕ್ಕೆ ಬಿಸಿ ಗ್ಯಾಸ್ ಬಡಿದಿತ್ತು. ಕನ್ನಡಕ ಹಾಕಿದ್ದರು, ಕಣ್ಣು ಉಳಿಯಿತು.

ಕೇಸು ಹೀಗೆ ತುಂಡಾದರೆ ಅನುಮಾನ ಹೆಡ್‌ಸ್ಪೇಸ್ ಮೇಲೆ, ಅಂದರೆ ಮುಚ್ಚಿದ ಬೋಲ್ಟಿನ ಮುಖದಿಂದ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರದ ಮೇಲೆ. ಅದನ್ನು ತೋಟಾ ಆಕಾರದ ಉಕ್ಕಿನ ಗೇಜಿನಿಂದ ನೋಡುತ್ತೇವೆ. ಗೇಜು ಹಾಕುವ ಮುಂಚಿನ ಕೆಲಸವನ್ನು ಯಾರೂ ಅವಸರದಲ್ಲಿ ಮಾಡಬಾರದು. ಬೆಂಚಿನ ಕೋಣೆಯಲ್ಲಿ ಒಂದೂ ಜೀವಂತ ತೋಟಾ ಇರಕೂಡದು. ಬಾಯಿ ಸುರಕ್ಷಿತ ದಿಕ್ಕಿಗೆ, ಮ್ಯಾಗಜೀನ್ ಖಾಲಿ, ಬೋಲ್ಟ್ ತೆಗೆದು ಚೇಂಬರನ್ನು ಕಣ್ಣಿಂದ ನೋಡಿ, ಆಮೇಲೆ ಕಿರುಬೆರಳು ತೂರಿಸಿ ಮುಟ್ಟಿ ನೋಡಬೇಕು. ಸಿಕ್ಕಿಕೊಂಡ ತುಂಡನ್ನು ಬ್ರೋಕನ್ ಕೇಸ್ ಎಕ್ಸ್‌ಟ್ರಾಕ್ಟರ್‌ನಿಂದ ತೆಗೆದ ಮೇಲೆ ಚೇಂಬರನ್ನು ಸಾಲ್ವೆಂಟಿನಲ್ಲಿ ಉಜ್ಜಿ ಒಣಗಿಸಬೇಕು. ಮಸಿಯ ಒಂದು ಪದರ ಉಳಿದರೂ ಗೇಜು ಸುಳ್ಳು ಹೇಳುತ್ತದೆ. ಬೋಲ್ಟಿನಿಂದ ಸ್ಟ್ರೈಕರ್ ಜೋಡಣೆ (ಪಿನ್ನು, ಅದರ ಸ್ಪ್ರಿಂಗ್) ಪೂರ್ತಿ ಹೊರಗೆ, ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್ ಪಟ್ಟಿಯೂ ಹೊರಗೆ. ಬೋಲ್ಟ್ ಮುಖದಲ್ಲೇ ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಸ್ಪ್ರಿಂಗ್ ಎಜೆಕ್ಟರ್ ಇರುವ ರೈಫಲ್‌ಗಳಲ್ಲಿ ಅದನ್ನೂ ತೆಗೆಯಬೇಕು. ಇಲ್ಲದಿದ್ದರೆ ಆ ಸ್ಪ್ರಿಂಗ್ ಗೇಜನ್ನು ತಳ್ಳಿ ಬೆರಳಿಗೆ ತಪ್ಪು ಅನುಭವ ಕೊಡುತ್ತದೆ. ಗೇಜಿನ ಮೇಲೆ ಬೋಲ್ಟ್ ಮುಚ್ಚುವಾಗ ಅದರ ಹಿಡಿಯ ಮೇಲೆ ಒಂದು ಬೆರಳಿನ ಭಾರ ಸಾಕು. ಬೋಲ್ಟಿನ ಕ್ಯಾಮ್‌ಗೆ ಸಾಕಷ್ಟು ಬಲವಿದೆ, ಒತ್ತಿದರೆ ಮುಚ್ಚಬಾರದ ಗೇಜಿನ ಮೇಲೂ ಮುಚ್ಚೀತು, ಗೇಜೂ ಕೆಟ್ಟೀತು.

.308ಕ್ಕೆ ಗೋ ಗೇಜು, ಅಂದರೆ ಕನಿಷ್ಠ ಅಳತೆ, 1.630 ಇಂಚು, ಬೋಲ್ಟ್ ಮುಚ್ಚಬಾರದ ನೋ-ಗೋ 1.634, ಮುಚ್ಚಿದರೆ ಬಂದೂಕು ಬಳಸಲೇಬಾರದ ಫೀಲ್ಡ್ 1.638. ಗೋ ಮೇಲೆ ಬೋಲ್ಟ್ ಮುಚ್ಚಿತು, ಅದು ಮುಚ್ಚಲೇಬೇಕು. ನೋ-ಗೋ ಇಟ್ಟೆ. ಹಿಡಿ ಅರ್ಧಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಎಲ್ಲೂ ತಡೆಯದೆ ಕೆಳಗಿಳಿಯಿತು. ಗೇಜು ತೆಗೆದು ಒರೆಸಿ ಮತ್ತೆ ಇಟ್ಟೆ, ಮತ್ತೆ ಅದೇ. ಫೀಲ್ಡ್ ಇಟ್ಟಾಗ ಪಕ್ಕದ ಬೆಂಚಿನವರೂ ಕೈಕೆಲಸ ಬಿಟ್ಟು ಬಂದು ನಿಂತಿದ್ದರು. ಹಿಡಿ ತನ್ನ ಭಾರಕ್ಕೇ ಮೆಲ್ಲಗೆ ಬಾಗಿ ಕೊನೆಯವರೆಗೆ ಇಳಿದು ಕೂತಿತು. ಯಾರೂ ಮಾತಾಡಲಿಲ್ಲ. ಆಗಲೇ ಬೋಲ್ಟಿನ ನಂಬರ್ ನೋಡಿದ್ದು. ಬೋಲ್ಟ್ ಓಡಾಡುವ ಒಡಲಾದ ರಿಸೀವರಿನ ನಂಬರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹಿಂದೆ ಯಾರೋ ಬೇರೆ ಬೋಲ್ಟ್ ಹಾಕಿದ್ದಾರೆ. ಹೆಡ್‌ಸ್ಪೇಸ್ ಬ್ಯಾರೆಲ್, ರಿಸೀವರ್, ಬೋಲ್ಟ್ ಮೂರೂ ಸೇರಿ ಆಗುವ ಅಳತೆ. ಒಂದು ಬದಲಾದರೂ ಹೊಸದಾಗಿ ಅಳೆಯಬೇಕು. ಮೊದಲ ದಿನವೇ ಓದಬೇಕಿದ್ದ ನಂಬರ್ ಅದು.

ತೆಳು ಏಟು ಬಂದದ್ದೂ ಇದರಿಂದಲೇ. ಜಾಗ ಹೆಚ್ಚಿದ್ದರೆ ಪಿನ್ನಿನ ಬಲದ ಒಂದು ಪಾಲು ತೋಟಾವನ್ನು ಮುಂದಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ, ಉಳಿದದ್ದು ಮಾತ್ರ ಪ್ರೈಮರಿಗೆ. ಬಿಗಿ ಸ್ಪ್ರಿಂಗ್ ಹಾಕಿದ ಕೂಡಲೇ ಪ್ರೈಮರ್ ಸಿಡಿಯಿತು, ಮಿಸ್‌ಫೈರ್ ಎಂಬ ಎಚ್ಚರಿಕೆ ನಿಂತಿತು, ಅಪಾಯ ಹಾಗೇ ಉಳಿಯಿತು. ಹಾರಿದಾಗ ಕೇಸಿನ ಗೋಡೆ ಚೇಂಬರಿಗೆ ಕಚ್ಚಿಕೊಳ್ಳುತ್ತದೆ, ದಪ್ಪನೆಯ ಬುಡ ಹಿಂದಕ್ಕೆ ಸರಿದು ಬೋಲ್ಟಿಗೆ ಬಡಿಯುತ್ತದೆ, ಎರಡರ ನಡುವೆ ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ಡಬ್ಬಿಯಿಂದ ನನ್ನ ಐದು ಕೇಸು ಹುಡುಕಿ ತೆಗೆದೆ. ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ಹೊಳೆಯುವ ಗೆರೆ. ತುದಿ ಬಾಗಿಸಿದ ತಂತಿಯನ್ನು ಕೇಸಿನೊಳಗೆ ಬಿಟ್ಟು ಗೋಡೆಗೆ ಒತ್ತಿ ಎಳೆದರೆ ಅದೇ ಎತ್ತರದಲ್ಲಿ ತಂತಿ ಟಕ್ಕೆಂದು ತೋಡಿಗೆ ಬೀಳುತ್ತಿತ್ತು. ಅಂದು ಒಂದೇ ನಿಮಿಷ ಬೆಳಕಿಗೆ ಹಿಡಿದು ನೋಡಿದ್ದರೆ ಸಾಕಿತ್ತು.

ರಿಪೇರಿಗೆ ಮುಂಚೆ ರಿಸೀವರಿನಲ್ಲಿ ಲಗ್ (ಬೋಲ್ಟನ್ನು ಬೀಗದಂತೆ ಹಿಡಿಯುವ ಹಲ್ಲು) ಕೂರುವ ಜಾಗ ನೋಡಲೇಬೇಕು. ಲಗ್‌ಗಳು ಒತ್ತಿ ಒತ್ತಿ ಅಲ್ಲಿ ಗುಳಿ ಬಿದ್ದಿದ್ದರೆ ಬೋಲ್ಟ್ ಎತ್ತುವಾಗ ಕೈಗೆ ತಡೆ ಸಿಗುತ್ತದೆ, ಆ ರಿಸೀವರ್ ಮತ್ತೆ ಬಳಕೆಗೆ ಬಾರದು. ಲಗ್‌ಗೆ ಮಾರ್ಕರ್ ಬಳಿದು ತಿರುಗಿಸಿದೆವು, ಎರಡೂ ಸಮನಾಗಿ ಕೂರುತ್ತಿದ್ದವು, ಗುಳಿ ಇರಲಿಲ್ಲ. ಲಗ್ ಉಜ್ಜಿ ಕೂರಿಸೋಣ ಎಂದು ಒಬ್ಬರು ಸೂಚಿಸಿದರು. ಉಜ್ಜಿದಷ್ಟೂ ಹೆಡ್‌ಸ್ಪೇಸ್ ಹೆಚ್ಚುತ್ತದೆಯೇ ಹೊರತು ಇಳಿಯದು. ಸರಿಯಾದ ದಾರಿ ಬ್ಯಾರೆಲ್ ಬಿಚ್ಚಿ, ಅದರ ಥ್ರೆಡ್ಡಿನ ಮುಂದಿನ ಮೆಟ್ಟಿಲಾದ ಭುಜವನ್ನು ಲೇತಿನಲ್ಲಿ ಇಳಿಸಿ ಒಂದು ಪೂರ್ತಿ ಸುತ್ತು ಒಳಗೆ ಕೂರಿಸುವುದು. ಇಂಚಿಗೆ 12 ಥ್ರೆಡ್, ಅಂದರೆ ಸುತ್ತಿಗೆ ಸುಮಾರು 83 ಥೌ (ಇಂಚಿನ ಸಾವಿರದ ಒಂದು ಭಾಗ). ಪೂರ್ತಿ ಸುತ್ತು ಏಕೆಂದರೆ ಬ್ಯಾರೆಲ್ ಮೇಲಿನ ಸೈಟ್ ಮತ್ತೆ ನೆತ್ತಿಗೇ ಬರಬೇಕು. ಬ್ಯಾರೆಲಿನ ಹಿಂತುದಿಯನ್ನೂ ಅಷ್ಟೇ ಇಳಿಸಿ, ಫಿನಿಶ್ ರೀಮರ್ ಎಂಬ ಕೊರೆಯುವ ಉಪಕರಣದಿಂದ ಚೇಂಬರನ್ನು ಸ್ವಲ್ಪ ಸ್ವಲ್ಪವೇ ಆಳಗೊಳಿಸಿ, ಗೋ ಮೇಲೆ ಬೋಲ್ಟ್ ಮುಚ್ಚಿದ ಕ್ಷಣ ನಿಲ್ಲಿಸಬೇಕು.

ನಮ್ಮಲ್ಲಿ ಗೇಜ್ ಸೆಟ್ ಇರುವುದು ಸೂಪರ್‌ವೈಸರ್ ಬೀರುವಿನಲ್ಲಿ, ಬೀಗದೊಳಗೆ. ಮಿಸ್‌ಫೈರ್ ಕೆಲಸಕ್ಕೆ ಕಾರ್ಡಿನಲ್ಲಿ ಕೊಡುವ ಸಮಯ ಗೇಜು ಕೇಳಿ ತರುವುದಕ್ಕೂ ಸಾಲದು. ಹೆಡ್‌ಸ್ಪೇಸ್ ಬರೆಯಲು ಕಾರ್ಡಿನಲ್ಲಿ ಕಾಲಂ ಕೂಡ ಇಲ್ಲ, ಕೇಳಿ ಸಾಕಾಗಿದೆ. ಈಗ ಹಳೇ ಬಂದೂಕು ಯಾವ ದೂರಿಗೆ ಬಂದರೂ ಕಾರ್ಡಿನ ಹಿಂಬದಿಯಲ್ಲಿ ಮೂರು ಗೇಜಿನ ಫಲಿತಾಂಶವನ್ನೂ ಬೋಲ್ಟ್ ನಂಬರನ್ನೂ ಕೈಯಲ್ಲೇ ಬರೆಯುತ್ತೇನೆ.

ಕೆಲಸ ಮುಗಿದ ಮೇಲೆ ನೋ-ಗೋ ಇಟ್ಟಾಗ ಹಿಡಿ ಅರ್ಧಕ್ಕೇ ನಿಂತಿತು. ಬಿಗಿ ಸ್ಪ್ರಿಂಗ್ ತೆಗೆದು, ಸೋತಿದೆ ಎಂದು ನಾನು ಎತ್ತಿಟ್ಟಿದ್ದ ಹಳೆಯದನ್ನೇ ಹಾಕಿದೆವು. ಮೊದಲ ಗುಂಡುಗಳನ್ನು ರೈಫಲನ್ನು ರೆಸ್ಟಿಗೆ ಬಿಗಿದು ದೂರದಿಂದ ಹಗ್ಗ ಎಳೆದು ಹೊಡೆದೆವು. ಒಂದೊಂದು ಕೇಸನ್ನೂ ಬೆಳಕಿಗೆ ಹಿಡಿದು, ತಂತಿ ಬಿಟ್ಟು ನೋಡಿ ಮುಂದಿನದಕ್ಕೆ ಹೋದೆವು. ಇಪ್ಪತ್ತಕ್ಕೆ ಇಪ್ಪತ್ತೂ ಹಾರಿದವು, ಪ್ರೈಮರ್ ಮೇಲೆ ಗುರುತು ಆಳವಾಗಿ, ನಡುಮಧ್ಯದಲ್ಲಿ.