ಮುದ್ರೆ ಬಿದ್ದ ಮೇಲೂ ಮಿಸುಕಾಡಿದ ಹುಳ

ಪುಣೆ ಹತ್ತಿರದ ಚಾಕಣದಲ್ಲಿ, ಮಾಲು ಪೇರಿಸಿ ಸಾಗಿಸುವ ಮರದ ಪ್ಯಾಲೆಟ್ ಮಾಡುವ ಶೆಡ್ಡೊಂದರಲ್ಲಿ ನಾನು ಸೂಪರ್‌ವೈಸರ್. ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಇಲ್ಲಿಗೆ ಬಂದು 11 ವರ್ಷ ಆಯಿತು.

ಹೋದ ವರ್ಷ ಶ್ರಾವಣದ ಒಂದು ಸಂಜೆ. ಅಮೆರಿಕಕ್ಕೆ ಹೋಗುವ ಮಾಲಿಗಾಗಿ 140 ಪ್ಯಾಲೆಟ್ ಲಾರಿಗೆ ಏರುತ್ತಿದ್ದವು. ಫೋರ್ಕ್‌ಲಿಫ್ಟಿನ ಮುಳ್ಳು ತಗುಲಿ ಒಂದು ಪ್ಯಾಲೆಟ್ಟಿನ ಮೂಲೆಯ ಬ್ಲಾಕ್, ಅಂದರೆ ದಪ್ಪ ಮರದ ತುಂಡು, ಸೀಳಿತು. ಅದನ್ನು ಬದಿಗಿಡಲು ಹೇಳಿ ನಾನು ಚಲನ್ ಬರೆಯಲು ತಿರುಗಿದ್ದೆ. ಸಿಂದಗಿ ಕಡೆಯ ಹುಡುಗ ಕರೆದ: "ಅಣ್ಣಾರ, ಇಲ್ಲಿ ಬರ್ರಿ. ಒಳಗ ಹುಳ ಅದ. ಜೀವಂತ ಅದ ನೋಡ್ರಿ."

ಬ್ಲಾಕಿನ ಹೊರಮೈ ಮೇಲೆ 'ಎಚ್‌ಟಿ', ಅಂದರೆ ಶಾಖ ಕೊಟ್ಟ ಮರ ಎಂಬ ಮುದ್ರೆ, ಇನ್ನೂ ಶಾಯಿಯ ವಾಸನೆ. ಸೀಳಿದ ಒಳಮೈಯಲ್ಲಿ ಕೆನೆಬಣ್ಣದ ಹುಳ. ಮುಂದುಗಡೆ ಅಗಲ, ಚಪ್ಪಟೆ. ಹಿಂದೆ ಸಣಕಲು ಮೈ. ಕಾಲಿಲ್ಲ. ಎತ್ತಿನ ಲಾಳದ ಮೊಳೆಯನ್ನು ಮಲಗಿಸಿಟ್ಟ ಹಾಗೆ ಕಾಣುತ್ತಿತ್ತು. ಅದು ಕೊರೆದ ದಾರಿಯೂ ದುಂಡಗಿರಲಿಲ್ಲ, ಅದರ ಮೈಯ ಹಾಗೇ ಚಪ್ಪಟೆ. ಹಿಂದೆ ಬಿಟ್ಟ ದಾರಿಯನ್ನೆಲ್ಲ ಮರದ ಹಿಟ್ಟಿನಿಂದ ಒತ್ತಿ ಒತ್ತಿ ಮುಚ್ಚಿತ್ತು. ಕಡ್ಡಿಯಿಂದ ಮುಟ್ಟಿದೆ. ಮಿಸುಕಾಡಿತು.

ಆ ಮುದ್ರೆಯ ಅರ್ಥ ಇಷ್ಟೇ: ಈ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ಮುಟ್ಟಿದೆ, ಬಿಡದೆ 30 ನಿಮಿಷ ನಿಂತಿದೆ. ಅಷ್ಟು ಶಾಖ ಸಿಕ್ಕಿದ್ದರೆ ಆ ಹುಳ ಮಿಸುಕಾಡುವ ಮಾತೇ ಇರಲಿಲ್ಲ. ಹೊರಮೈ ಬೆಂದಿತ್ತು, ಒಳಗೆ ಹಸಿ ಉಳಿದಿತ್ತು.

ಹುಡುಗನಿಗೆ ಅದು ಯಾವ ಹುಳ ಎಂದು ಹೇಳಿದಾಗ ಅವನು ನಂಬಲಿಲ್ಲ. ಅದು ನಮ್ಮ ಜೀರ್ಜಿಂಬೆಯ ಬಳಗದ್ದು. ಚಿಕ್ಕವರಿದ್ದಾಗ ಮಳೆ ಬಿದ್ದ ಮೇಲೆ ಜಾಲಿ ಗಿಡದಿಂದ ಹಿಡಿದು, ಕಡ್ಡಿಪೆಟ್ಟಿಗೆಯಲ್ಲಿಟ್ಟು, ಜಾಲಿ ಎಲೆ ಹಾಕಿ, ತತ್ತಿ ಇಟ್ಟಿತೇ ಎಂದು ತಾಸಿಗೊಮ್ಮೆ ತೆರೆದು ನೋಡುತ್ತಿದ್ದೆವಲ್ಲ, ಅದೇ ಬಳಗ. ಸತ್ತು ವರ್ಷವಾದರೂ ಅದರ ರೆಕ್ಕೆಯ ಹಸಿರು ಮಾಸುತ್ತಿರಲಿಲ್ಲ. ಅದು ಬಳಿದ ಬಣ್ಣವಲ್ಲ. ರೆಕ್ಕೆಯ ಹೊದಿಕೆಯಲ್ಲಿ ಒಂದರ ಮೇಲೊಂದು ಕೂತ ತೀರ ತೆಳು ಪದರಗಳು ಬೆಳಕನ್ನು ಹೊಳೆಯಿಸುವ ಆಟ. ಇವುಗಳಲ್ಲಿ ಸುಮಾರು 15,000 ಜಾತಿ ಇವೆ. ನಮ್ಮ ಜಾಲಿ ಗಿಡದ ಜೀರ್ಜಿಂಬೆಯ ಮರಿ ಮಣ್ಣಿನಲ್ಲಿ ಬೇರು ತಿಂದು ಬೆಳೆಯುತ್ತದೆ, ಅದರಿಂದ ನಮ್ಮ ಧಂದೆಗೆ ತೊಂದರೆಯಿಲ್ಲ. ತೊಂದರೆ ಮರ ಕೊರೆಯುವ ದಾಯಾದಿಗಳದ್ದು.

ಅವುಗಳಲ್ಲಿ ಒಂದು ಏನು ಮಾಡಿತು ಅಂತ ಅಮೆರಿಕದವರನ್ನು ಕೇಳಬೇಕು. ಎಮರಾಲ್ಡ್ ಆ್ಯಶ್ ಬೋರರ್, ಸುಮಾರು ಅರ್ಧ ಇಂಚು ಉದ್ದದ ಪಚ್ಚೆ ಬಣ್ಣದ ಕೀಟ. 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಕಂಡಿತು. ಏಷ್ಯಾದಿಂದ ಪ್ಯಾಕಿಂಗ್ ಮರದಲ್ಲಿ ಕೂತು ಬಂದಿರಬೇಕು ಎಂದು ತಜ್ಞರು ಹೇಳುತ್ತಾರೆ. ಆಮೇಲೆ ಅಲ್ಲಿ ಸತ್ತ ಆ್ಯಶ್ ಮರಗಳ ಲೆಕ್ಕ ಕೋಟಿಗಳಲ್ಲಿ. ಪ್ಯಾಕಿಂಗ್ ಮರದಲ್ಲಿ ಕೀಟ ದೇಶ ದಾಟದಂತೆ ತಡೆಯಲು ನಾವು ಪಾಲಿಸುವ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಒಪ್ಪಿಗೆಯಾದದ್ದೂ ಅದೇ 2002ರಲ್ಲಿ. ಬಾಗಿಲಿಗೆ ಚಿಲಕ ಹಾಕುವ ಹೊತ್ತಿಗೆ ಕಳ್ಳ ಒಳಗಿದ್ದ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮರಕ್ಕೆ ಬಿಸಿಗಾಳಿ ಕೊಡುವ ಚೇಂಬರಿನಲ್ಲಿ ಶಾಖ ಅಳೆಯುವ ಪ್ರೋಬನ್ನು ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಹಸಿ ತುಂಡಿನ ನಟ್ಟನಡುವೆ ಇಡಬೇಕು. ಅದೂ ಬಿಸಿಗಾಳಿ ಕಡಿಮೆ ಮುಟ್ಟುವ ಮೂಲೆಯಲ್ಲಿ. ತುಂಡಿಗೆ ಡ್ರಿಲ್ ಹಾಕಿ, ಪ್ರೋಬ್ ಇಳಿಸಿ, ತೂತಿನ ಬಾಯಿಗೆ ಪುಟ್ಟಿ ಮೆತ್ತಬೇಕು. ಇಲ್ಲವಾದರೆ ಗಾಳಿಯ ಬಿಸಿಯನ್ನೇ ಅದು ಮರದ ಬಿಸಿ ಎಂದು ಬರೆದುಕೊಳ್ಳುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಆದರೆ ಮಳೆಗಾಲದ ಮರ ನೀರು ಕುಡಿದು ಕೂತಿರುತ್ತದೆ, ಬಿಸಿ ಏರಲು ಹೊತ್ತು ಹಿಡಿಯುತ್ತದೆ. ಆ ದಿನ ಲಾರಿ ಬಂದು ನಿಂತಿತ್ತು. ಹಿಂದಿನ ಮೂಲೆಯ ಬ್ಲಾಕಿನವರೆಗೆ ಪ್ರೋಬಿನ ವೈರು ಎಟುಕುತ್ತಿರಲಿಲ್ಲ. ನಾನು ಅದನ್ನು ಬ್ಲೋವರ್ ಪಕ್ಕದ ಮುಕ್ಕಾಲು ಇಂಚಿನ ಹಲಗೆಗೆ ಸಿಕ್ಕಿಸಿದೆ. ಚಾರ್ಟ್ ಚೆಂದ ಬಂತು, ನಾನೇ ಸಹಿ ಹಾಕಿದೆ. ನಾಲ್ಕಿಂಚಿನ ಬ್ಲಾಕಿನ ಗತಿ ಆ ಚಾರ್ಟಿನಲ್ಲಿ ಎಲ್ಲಿಂದ ಬರಬೇಕು?

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಹುಡುಗ ನನ್ನ ಮುಖ ನೋಡುತ್ತಿದ್ದ. ಅವನ ಬದಲು ನಾನೊಬ್ಬನೇ ಆ ಹುಳ ಕಂಡಿದ್ದರೆ ಏನು ಮಾಡುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಲಾರಿ ತಡೆಯುತ್ತಿದ್ದೆ ಎಂದು ಎದೆ ತಟ್ಟಿ ಹೇಳಲಾರೆ.

ಮಾಲಕರಿಗೆ ಫೋನ್ ಹಚ್ಚಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮರಾಠಿಯಲ್ಲಿ ಚೆನ್ನಾಗಿಯೇ ಬೈದರು, ಆಮೇಲೆ "ಎಲ್ಲ ಇಳಿಸು" ಎಂದರು. 140 ಪ್ಯಾಲೆಟ್ ಇಳಿಸಿ, ಹಳೆಯ ಮುದ್ರೆಗಳನ್ನು ಉಜ್ಜಿ ಅಳಿಸಿ, ಮತ್ತೆ ಚೇಂಬರಿಗೆ ಹಾಕಿದೆವು. ಬೆಳಗಾಯಿತು. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಆ ಮಾಲಿನ ಹಡಗು ತಪ್ಪಿತು.

ಆ ರಾತ್ರಿ ಕೂತು ನೋಡಿದಾಗ ಇನ್ನೊಂದು ವಿಷಯವೂ ತಲೆಗೆ ಹೋಯಿತು. ಗಿರಾಕಿಗಳು ಬಂದರೆ ತೂತಿರುವ ಹಲಗೆ ಕಂಡು ಮುಖ ಸಿಂಡರಿಸುತ್ತಾರೆ, ನಾವೂ ಅಂಥದ್ದನ್ನು ಹುಡುಕಿ ಹುಡುಕಿ ತೆಗೆಯುತ್ತಿದ್ದೆವು. ತೂತು ಎಂದರೆ ಕೀಟ ಆಗಲೇ ಹೊರಗೆ ಹಾರಿಹೋದ ಬಾಗಿಲು. ನಮ್ಮ ಸೀಳಿದ ಬ್ಲಾಕಿನ ಹೊರಮೈಯಲ್ಲಿ ಒಂದೂ ತೂತಿರಲಿಲ್ಲ. ಒಣಗಿದ ಮರದೊಳಗೆ ಈ ಮರಿಗಳ ಬೆಳವಣಿಗೆ ವರ್ಷಗಟ್ಟಲೆ ಎಳೆಯುತ್ತದೆ. 1983ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಮೆಟ್ಟಿಲ ಮರದಿಂದ ಈ ಬಳಗದ ಒಂದು ಕೀಟ 51 ವರ್ಷದ ಬಳಿಕ ಹೊರಬಿದ್ದ ದಾಖಲೆ ಇದೆ. ತೊಗಟೆಯ ಮೇಲೆ ಕಣ್ಣಿಡುವುದಕ್ಕೂ ಕಾರಣವಿದೆ. ಬಹುಪಾಲು ತತ್ತಿ ಬೀಳುವುದು ತೊಗಟೆಯ ಬಿರುಕಿನಲ್ಲಿ. 3 ಸೆಂಟಿಮೀಟರಿಗಿಂತ ಅಗಲದ ತೊಗಟೆ ಉಳಿದರೆ ಅಂಥ ಒಂದೊಂದು ತೊಗಟೆಯ ಚೂರೂ 50 ಚದರ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ನಾನು ಹುಡುಗರಿಗೆ ಅಳತೆ ಹೇಳಲು ಹೋಗುವುದಿಲ್ಲ, ಪೂರ್ತಿ ಕೆತ್ತಿ ತೆಗೀರಿ ಎನ್ನುತ್ತೇನೆ.

ಈಗ ಪ್ರತಿ ಲಾಟಿನಲ್ಲಿ ಪ್ರೋಬ್ ಹೋದ ಬ್ಲಾಕಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಫೋಟೋ ತೆಗೆದಿಡುತ್ತೇವೆ. ಪ್ರೋಬ್ ಇಡುವವನು ಸಿಂದಗಿಯ ಹುಡುಗ, ಸಹಿ ನನ್ನದು.

ಮಾಲಕರು ಮೂರನೆಯ ದಿನ ಶೆಡ್ಡಿಗೆ ಬಂದು ಪ್ರೋಬ್ ಅಲ್ಲಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರು. ವೈರು ಗಿಡ್ಡ ಅಂದೆ. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉದ್ದನೆಯ ವೈರು ಮರುದಿನವೇ ಬಂತು. ಲಾರಿಯ ಒಂದು ರಾತ್ರಿಯ ಹಾಲ್ಟಿಂಗಿಗಿಂತ ಅದರ ಬಿಲ್ಲು ಕಡಿಮೆ.