ಸ್ಥಿರ ಬಿಂದು ಪ್ರಾಜೆಕ್ಟ್: ಈಗ ಸ್ಥಿರತೆಯ ಸರದಿ

ಫಂಕ್ಷನ್ನಿಗೆ ಹಾಕಿದರೆ ಬದಲಾಗದೆ ಹಾಗೇ ಹೊರಬರುವ ಬೆಲೆಯೇ ಅದರ ಸ್ಥಿರ ಬಿಂದು. ಹೊರಬಂದ ಬೆಲೆಯನ್ನು ಮತ್ತೆ ಮತ್ತೆ ಫಂಕ್ಷನ್ನಿಗೇ ಹಾಕುತ್ತಾ, ಹೆಜ್ಜೆ ಹೆಜ್ಜೆಯಾಗಿ ಆ ಉತ್ತರವನ್ನು ಹುಡುಕುವುದು ಈ ಪ್ರಾಜೆಕ್ಟ್. ಉತ್ತರದ ಕಡೆಗೆ ಒಮ್ಮುಖ ಆಗುತ್ತದೋ ಇಲ್ಲವೋ ಎಂಬ ಭಾಗ ಮುಗಿದಿದೆ. ಈಗಿನ ಪ್ರಶ್ನೆ ಬೇರೆ: ಪ್ರತಿ ಹೆಜ್ಜೆಯಲ್ಲೂ ಸಣ್ಣ ಎರರ್ ಸೇರಿ, ಆ ಎರರ್ ತಾನಾಗಿಯೇ ಸೊನ್ನೆಯತ್ತ ಇಳಿಯುತ್ತಿದ್ದರೆ, ಉತ್ತರ ಸರಿಯಾಗಿ ಸಿಗುತ್ತದಾ? ಹಾರ್ಡರ್ ಮತ್ತು ಹಿಕ್ಸ್ 1988ರಲ್ಲಿ ಸ್ಥಿರತೆಯನ್ನು ಹೀಗೇ ನೋಡಿದ್ದು. ಬಾನಾಖ್ ಅವರ 1922ರ ಪ್ರಮೇಯಕ್ಕೆ ಒಗ್ಗುವ ಕುಗ್ಗಿಸುವ ಫಂಕ್ಷನ್ನುಗಳಿಗೆ (ಯಾವುದೇ ಎರಡು ಬಿಂದುಗಳ ದೂರವನ್ನು ಪ್ರತಿ ಸಲ ಒಂದು ನಿಗದಿತ ಪ್ರಮಾಣದಲ್ಲಾದರೂ ಕಮ್ಮಿ ಮಾಡುವಂಥವು) ಸಿಗುತ್ತದೆ ಎಂದು ಆಸ್ಟ್ರೋವ್‌ಸ್ಕಿ 1967ರಲ್ಲೇ ತೋರಿಸಿದ್ದರು. ನನಗೆ ಬೇಕಾಗಿದ್ದು ಕುಗ್ಗಿಸದ ಫಂಕ್ಷನ್.

ಹೀಗೊಂದು ಹಿಡಿದೆ: ಸಂಖ್ಯೆಯ ಘನವನ್ನು, ಅದರ ವರ್ಗಕ್ಕೆ 1 ಕೂಡಿಸಿದ್ದರಿಂದ ಭಾಗಿಸುವುದು. ಸೊನ್ನೆ ಅಥವಾ ಅದಕ್ಕಿಂತ ದೊಡ್ಡ ಯಾವ ಸಂಖ್ಯೆಯಿಂದ ಹೊರಟರೂ ಸೊನ್ನೆಗೇ ಹೋಗುತ್ತದೆ. ಅದೂ ಎಷ್ಟು ಬೇಗ! 1ರಿಂದ ಹೊರಟರೆ 0.5, ಆಮೇಲೆ 0.1, ಆಮೇಲೆ 0.00099.

ಇದಕ್ಕೆ ಎರರ್ ಸೇರಿಸಿದೆ. 2ನ್ನು ಹೆಜ್ಜೆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. ಮೊದಲ ಹೆಜ್ಜೆಯಲ್ಲಿ 2, ನೂರನೆಯದರಲ್ಲಿ 0.2, ಹತ್ತು ಸಾವಿರನೆಯದರಲ್ಲಿ 0.02. ಎರರ್ ಇಳಿಯುತ್ತಲೇ ಇದೆ, ಆದರೆ ಬೆಲೆ ಏರುತ್ತಲೇ ಹೋಗಿ ಹತ್ತು ಸಾವಿರ ಹೆಜ್ಜೆಯ ಹೊತ್ತಿಗೆ 300 ದಾಟಿತು. ಅದಕ್ಕೆ ಮೇಲ್ಮಿತಿಯೇ ಇಲ್ಲ. ಕಾರಣ ಸರಳ. ಸಂಖ್ಯೆ ದೊಡ್ಡದಾದಷ್ಟೂ ಫಂಕ್ಷನ್ ಅದನ್ನು ಕೆಳಗೆಳೆಯುವುದು ಕಮ್ಮಿ: 10ರಲ್ಲಿ ಸುಮಾರು 0.1, 100ರಲ್ಲಿ ಸುಮಾರು 0.01. ಈ ಎರರ್ ಎಷ್ಟೇ ಇಳಿದರೂ, ಆ ಎಳೆತಕ್ಕಿಂತ ಜಾಸ್ತಿಯೇ ಇರುತ್ತದೆ. ಸೊನ್ನೆಯ ಹತ್ತಿರದ ವೇಗ ನೋಡಿ ಒಂದು ವಿಧಾನವನ್ನು ನಂಬಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ.

ಬೆಲೆ 5 ದಾಟದಂತೆ ಕತ್ತರಿಸಿದರೆ ಚಿತ್ರವೇ ಬದಲಾಗುತ್ತದೆ. 108ನೇ ಹೆಜ್ಜೆಯವರೆಗೂ 5ಕ್ಕೇ ಅಂಟಿಕೊಂಡಿರುತ್ತದೆ. 5ರಲ್ಲಿ ಎಳೆತ 5/26, ಅಂದರೆ ಸುಮಾರು 0.192. ಎರರ್ ಅದಕ್ಕಿಂತ ಕೆಳಗೆ ಬಂದಿದ್ದೇ ತಡ, ಬೆಲೆ ಇಳಿಯಲು ಶುರು. ಮೊದಲು ನಿಧಾನ, ಆಮೇಲೆ ದಡದಡ. ಕೊನೆಗೆ ಎರರ್ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ.

ಮಾನ್ ಅವರ ಸರಾಸರಿ ವಿಧಾನವನ್ನೂ (1953) ಪರೀಕ್ಷಿಸಿದೆ. ಸಮತಲವನ್ನು 90 ಡಿಗ್ರಿ ತಿರುಗಿಸುತ್ತಾ ಹೋದರೆ (1, 0) ನಾಲ್ಕು ಹೆಜ್ಜೆಗೆ ಹೊರಟಲ್ಲಿಗೇ ಬರುತ್ತದೆ. ಮಾನ್ ವಿಧಾನದಂತೆ ಪ್ರತಿ ಹೆಜ್ಜೆಯಲ್ಲೂ ಅರ್ಧ ಹಳೆಯದು, ಅರ್ಧ ಹೊಸದು ಬೆರೆಸಿದರೆ ನಾಲ್ಕೇ ಹೆಜ್ಜೆಗೆ (−0.25, 0), ಅಂದರೆ ಸ್ಥಿರ ಬಿಂದುವಾದ (0, 0)ಗೆ ಹತ್ತಿರ. ಬೆರಕೆ ಫಂಕ್ಷನ್ ಕುಗ್ಗಿಸುವಂಥದ್ದು, ಹಾಗಾಗಿ ಎರರನ್ನೂ ತಡೆಯುತ್ತದೆ.

ಮುಂದೆ 0ಯಿಂದ 1ರವರೆಗಿನ ನಿರಂತರ ಫಂಕ್ಷನ್ನುಗಳ ಬಾನಾಖ್ ಸ್ಪೇಸ್, ಅಂದರೆ ಸಂಖ್ಯೆಗಳ ಬದಲು ಫಂಕ್ಷನ್ನುಗಳೇ ಬಿಂದುಗಳಾಗಿದ್ದು, ಅವುಗಳ ನಡುವಿನ ದೂರ ಅಳೆಯಬಹುದಾದ ಜಾಗ. ಅಲ್ಲಿ ಪ್ರತಿ ಹೆಜ್ಜೆಯ ಎರರ್ ಕೂಡ ಒಂದು ಫಂಕ್ಷನ್ನೇ. ಅದಕ್ಕೆ ಬೇಕಾದ ಇಂಟಿಗ್ರಲ್ ಲೆಕ್ಕದ ಕೋಡ್ ಅರ್ಧ ಆಗಿದೆ.